ತೃಣಮಣಿಯೊಳಗಿನ ಸೂಜಿಕೀಟ ಮತ್ತು ಅದರ ವಂಶಮೂಲ

ಹೊಸಹೊಳಲಿನ ಸುತ್ತಣ ಗದ್ದೆಬಯಲಿನಲ್ಲಿ, ನಾಲೆಯ ಅಂಚಿನ ಜೊಂಡಿನಲ್ಲಿ, ಕೆರೆಯ ತೂಬಿನಿಂದ ಹರಿದು ಬರುವ ತೆಳುನೀರಿನ ಬದಿಯಲ್ಲಿ ಮಳೆಗಾಲ ಕಳೆದೊಡನೆ ಒಂದು ಸಣ್ಣ ಕೀಟವು ಕಾಣಬರುತ್ತದೆ. ಅದರ ಒಡಲು ದಬ್ಬಣಕ್ಕಿಂತ ತೆಳು. ಉದ್ದ ಸಾಮಾನ್ಯವಾಗಿ ಒಂದೂವರೆ ಅಂಗುಲವನ್ನು ಮೀರದು. ಕೆಲವು ಅರಿಶಿನದ ಹಳದಿ, ಕೆಲವು ನೀಲಿ, ಇನ್ನು ಕೆಲವಕ್ಕೆ ಹಸಿರು ಎದೆ ಮತ್ತು ಬಾಲದ ತುದಿಯಲ್ಲಿ ನೀಲಿಯ ಒಂದು ಬೊಟ್ಟು. ಹುಲ್ಲಿನ ಎಸಳಿನ ಮೇಲೆ ಕುಳಿತಾಗ ಅದು ನಾಲ್ಕು ರೆಕ್ಕೆಗಳನ್ನೂ ಬೆನ್ನಿನ ಮೇಲೆ ಒಂದಕ್ಕೊಂದು ಜೋಡಿಸಿ, ಕೈಮುಗಿದಂತೆ ಇಟ್ಟುಕೊಳ್ಳುತ್ತದೆ. ನೀರು ಕಟ್ಟಲು ಹೋಗುವ ರೈತನ ಕಣ್ಣಿಗೆ ಇದು ದಿನವೂ ಬೀಳುತ್ತದೆ. ಗಮನಕ್ಕೆ ಬರುವುದು ಮಾತ್ರ ಅಪರೂಪ. ಈ ಕೀಟದ ವಂಶ ಎಷ್ಟು ಹಳೆಯದು, ಅದು ಹೇಗೆ ತಿಳಿಯಿತು, ಆ ತಿಳಿವಳಿಕೆಗೆ ತೆತ್ತ ಬೆಲೆ ಯಾವುದು ಎಂಬುದು ಪ್ರಸ್ತುತ ಲೇಖನದ ವಸ್ತುವಾಗಿದೆ.

ಮೊದಲು ಹೆಸರಿನ ಮಾತು. ನಮ್ಮ ಸೀಮೆಯ ಮಕ್ಕಳು ಈ ಜಾತಿಯ ಕೀಟಗಳೆಲ್ಲವನ್ನೂ ಏರೋಪ್ಲೇನ್ ಚಿಟ್ಟೆ ಎಂದು ಕರೆಯುತ್ತಾರೆ. ಆಕಾರದ ದೃಷ್ಟಿಯಿಂದ ಆ ಹೆಸರು ತಪ್ಪಲ್ಲ. ಆದರೆ ಇದು ಚಿಟ್ಟೆಯಲ್ಲ. ಇಂಗ್ಲಿಷಿನಲ್ಲಿ ದೊಡ್ಡದನ್ನು ಡ್ರ್ಯಾಗನ್‌ಫ್ಲೈ ಎಂದೂ, ತೆಳುವಾದುದನ್ನು ಡ್ಯಾಮ್ಸೆಲ್‌ಫ್ಲೈ ಎಂದೂ ಹೇಳುತ್ತಾರೆ. ದೊಡ್ಡದಕ್ಕೆ ಕನ್ನಡದಲ್ಲಿ ಕೊಡತಿಕೀಟವೆಂಬ ಹೆಸರು ಬಳಕೆಯಲ್ಲುಂಟು. ತೆಳುವಾದುದಕ್ಕೆ ಅಷ್ಟು ನೆಲೆನಿಂತ ಹೆಸರಿಲ್ಲವಾದ ಕಾರಣ, ಈ ಲೇಖನದ ಮಟ್ಟಿಗೆ ಅದನ್ನು ಸೂಜಿಕೀಟವೆಂದು ಕರೆಯುತ್ತೇನೆ. ಕೊಡತಿ ದಪ್ಪ, ಸೂಜಿ ತೆಳು. ಇಷ್ಟು ನೆನಪಿಟ್ಟರೆ ಎರಡರ ಭೇದ ಅರ್ಧ ತಿಳಿದಂತೆಯೇ.

ಉಳಿದರ್ಧ ಹೀಗಿದೆ. ಕೊಡತಿಕೀಟವು ಕುಳಿತಾಗಲೂ ರೆಕ್ಕೆಗಳನ್ನು ಅಗಲಿಸಿಯೇ ಇರುತ್ತದೆ. ಅದರ ಹಿಂದಿನ ರೆಕ್ಕೆಯ ಬುಡ ಮುಂದಿನದಕ್ಕಿಂತ ಅಗಲ. ಸೂಜಿಕೀಟದಲ್ಲಿ ಎರಡು ಜೊತೆ ರೆಕ್ಕೆಗಳೂ ಹೆಚ್ಚುಕಡಿಮೆ ಒಂದೇ ರೂಪದವು. ಕೊಡತಿಕೀಟದ ದೊಡ್ಡ ಕಣ್ಣುಗಳು ಬಹುಪಾಲು ಜಾತಿಗಳಲ್ಲಿ ನೆತ್ತಿಯ ಮೇಲೆ ಕೂಡಿಕೊಂಡಿದ್ದರೆ, ಸೂಜಿಕೀಟದ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರದೂರವಾಗಿ, ತಕ್ಕಡಿಯ ತಟ್ಟೆಗಳಂತೆ ಇರುತ್ತವೆ. ಎರಡರ ಮರಿಗಳೂ ನೀರಿನಲ್ಲಿಯೇ ಬೆಳೆಯುತ್ತವೆ. ಸೂಜಿಕೀಟದ ಮರಿಗೆ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿರುತ್ತವೆ. ಮರಿಯಾಗಿ ಸೊಳ್ಳೆಯ ಹುಳುಗಳನ್ನೂ, ಬೆಳೆದ ಮೇಲೆ ಸೊಳ್ಳೆ ಮತ್ತು ಸಣ್ಣ ನೊಣಗಳನ್ನೂ ಹಿಡಿದು ತಿನ್ನುವ ಇವುಗಳಿಂದ ರೈತನಿಗೆ ಉಪಕಾರವೇ ಹೊರತು ಅಪಕಾರವಿಲ್ಲ.

ಇಂತಹ ಕೀಟದ ಪೂರ್ವಜರನ್ನು ಹುಡುಕುವುದು ಎಲ್ಲಿ? ನಮ್ಮ ಊರಿನ ಕಲ್ಲಿನಲ್ಲಿ ಹುಡುಕಿದರೆ ಫಲವಿಲ್ಲ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಕ್ರಿ.ಶ. ೧೨೫೦ರ ಸುಮಾರಿಗೆ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, ಬಳಪದ ಕಲ್ಲಿನಲ್ಲಿ ಕಟ್ಟಿದರು. ಆ ಕಲ್ಲಿನ ಮೇಲೆ ಆನೆ, ಕುದುರೆ, ಮಕರ, ಹಂಸಗಳ ಸಾಲುಗಳನ್ನು ಶಿಲ್ಪಿಯು ಕಡೆದನು. ಆದರೆ ಕಲ್ಲಿನ ಒಳಗೆ ಯಾವ ಪ್ರಾಣಿಯ ಅವಶೇಷವೂ ಇಲ್ಲ. ಕಾರಣವೇನೆಂದರೆ, ಬಳಪದ ಕಲ್ಲಾಗಲಿ, ನಮ್ಮ ಜಿಲ್ಲೆಯ ಬಂಡೆಗಳ ಮುಖ್ಯ ಭಾಗವಾದ ನೈಸ್ ಶಿಲೆಯಾಗಲಿ ಹುಟ್ಟಿದುದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ. ಆಗ ಭೂಮಿಯಲ್ಲಿದ್ದುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ರೆಕ್ಕೆ ಎಂಬುದು ಲೋಕದಲ್ಲಿ ಕಾಣಿಸಿಕೊಳ್ಳಲು ಇನ್ನೂ ಇನ್ನೂರು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಕಳೆಯಬೇಕಾಗಿತ್ತು. ಆದುದರಿಂದ ನಮ್ಮ ಕೆರೆಯಂಚಿನ ಕೀಟದ ವಂಶಾವಳಿಯನ್ನು ಓದಲು ಪರದೇಶದ ಪುಟಗಳನ್ನು ತೆರೆಯಬೇಕಾಗುತ್ತದೆ.

ಆ ಪುಟಗಳು ಎರಡು ಬಗೆಯವು. ಮೊದಲನೆಯದು ಪದರಗಲ್ಲು. ಕೆರೆಯ ತಳದ ನಯವಾದ ಹೂಳಿನ ಮೇಲೆ ಸತ್ತ ಕೀಟವೊಂದು ಬಿದ್ದು, ಅದರ ಮೇಲೆ ಹೂಳು ಕೂತು, ಕಾಲಾಂತರದಲ್ಲಿ ಕಲ್ಲಾದರೆ, ಅದರಲ್ಲಿ ಸಾಮಾನ್ಯವಾಗಿ ಉಳಿಯುವುದು ರೆಕ್ಕೆಯ ಅಚ್ಚು. ಈ ಗುಂಪಿನ ರೆಕ್ಕೆಯಲ್ಲಿ ನರಗಳ ಬಲೆ ಅತ್ಯಂತ ನಿಯತವಾದುದು. ಮುಂಅಂಚಿನ ನಡುವೆ ಗಂಟಿನಂತಹ ಒಂದು ಸಂದು, ತುದಿಯ ಬಳಿ ಬಣ್ಣದ ಒಂದು ಮಚ್ಚೆ, ಇವುಗಳ ನಡುವೆ ಅಡ್ಡನರಗಳು ಎಲ್ಲಿ ಕೂಡುತ್ತವೆ ಎಂಬ ಲೆಕ್ಕ. ಇಷ್ಟರಿಂದಲೇ ತಜ್ಞರು ಕೀಟದ ಕುಲವನ್ನು ಹೇಳಬಲ್ಲರು. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ ಇದು. ಫ್ರಾನ್ಸಿನ ಕೊಮಾಂತ್ರಿ ಎಂಬ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕಿದ, ೧೮೮೫ರಲ್ಲಿ ಶಾರ್ಲ್ ಬ್ರೊಂಞಾರ್ ಎಂಬ ವಿದ್ವಾಂಸನು ಹೆಸರಿಟ್ಟ ಮೆಗಾನ್ಯೂರ ಎಂಬ ಕೀಟದ ರೆಕ್ಕೆಯ ಹರವು ಸುಮಾರು ಎರಡು ಅಡಿ. ಅದು ಮೂವತ್ತು ಕೋಟಿ ವರ್ಷಗಳಷ್ಟು ಹಿಂದಿನದು. ಶಾಲಾಪುಸ್ತಕಗಳಲ್ಲಿ ಇದನ್ನು ದೈತ್ಯ ಡ್ರ್ಯಾಗನ್‌ಫ್ಲೈ ಎಂದು ಬರೆಯುವ ವಾಡಿಕೆಯುಂಟು. ಅದು ಸರಿಯಲ್ಲ. ರೆಕ್ಕೆಯ ಗಂಟು, ಮಚ್ಚೆ ಎರಡೂ ಇಲ್ಲದ ಅದು ಇಂದಿನ ಕೀಟಗಳಿಗೆ ತಾತನಲ್ಲ, ತಾತನ ದಾಯಾದಿ. ಅಮೆರಿಕದ ಕಾನ್ಸಾಸ್ ಪ್ರಾಂತದ ಪರ್ಮಿಯನ್ ಕಾಲದ ಶಿಲೆಗಳಲ್ಲಿ ಸಿಕ್ಕ ಕೆನಡಿಯಾ ಎಂಬುದರ ರೆಕ್ಕೆ ಸಣ್ಣದು, ಬುಡದಲ್ಲಿ ತೊಟ್ಟಿನಂತೆ ಕಿರಿದಾದುದು, ನೋಡಿದೊಡನೆ ಸೂಜಿಕೀಟವೆನಿಸುತ್ತದೆ. ಅದೂ ಸಹ ಹೋಲಿಕೆಯೇ ಹೊರತು ನೇರವಾದ ವಂಶವಲ್ಲವೆಂಬುದು ಈಚಿನವರ ಅಭಿಪ್ರಾಯ.

ಎರಡನೆಯ ಬಗೆಯ ಪುಟವೇ ತೃಣಮಣಿ. ಇಂಗ್ಲಿಷಿನ ಆಂಬರ್‌ಗೆ ಸಂಸ್ಕೃತದಿಂದ ಬಂದ ಈ ಹೆಸರು ಬಹಳ ಅರ್ಥವತ್ತಾದುದು. ಉಣ್ಣೆಯ ಬಟ್ಟೆಗೆ ಉಜ್ಜಿ ಹಿಡಿದರೆ ಹುಲ್ಲಿನ ಚೂರನ್ನು ತನ್ನೆಡೆಗೆ ಸೆಳೆಯುವುದರಿಂದ ಅದು ತೃಣಮಣಿ. ಇದೇ ಗುಣವನ್ನು ಕಂಡ ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದು ಕರೆದರು. ನಮ್ಮ ಮನೆಯ ದೀಪವನ್ನು ಉರಿಸುವ ಎಲೆಕ್ಟ್ರಿಸಿಟಿಯ ಹೆಸರು ಅಲ್ಲಿಂದ ಬಂದುದು. ಅತ್ತರಿನ ಅಂಗಡಿಯವರು ಅಂಬರು ಎನ್ನುವುದು ಬೇರೆ ವಸ್ತು. ಅದು ತಿಮಿಂಗಿಲದ ಹೊಟ್ಟೆಯಿಂದ ಬರುವುದು. ತೃಣಮಣಿಯಾದರೋ ಮರದ ರಾಳ.

ರಾಳವೆಂದರೇನೆಂಬುದನ್ನು ಪೂಜೆಯ ವೇಳೆಯಲ್ಲಿ ಧೂಪ ಹಾಕುವ ನಮಗೆ ವಿವರಿಸಬೇಕಾಗಿಲ್ಲ. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳ ಕಾಡಿನಲ್ಲಿ ಬೆಳೆಯುವ ಧೂಪದ ಮರದ ತೊಗಟೆಗೆ ಗಾಯವಾದರೆ ಅಂಟಾದ, ಸುವಾಸನೆಯ ರಸ ಒಸರುತ್ತದೆ. ಗಾಯವನ್ನು ಮುಚ್ಚಿ, ಕೊರೆಹುಳುಗಳನ್ನೂ ಬೂಷ್ಟನ್ನೂ ತಡೆಯುವುದು ಮರದ ಉದ್ದೇಶ. ಹರಿಯುತ್ತಿರುವ ಆ ರಸಕ್ಕೆ ಇರುವೆಯೋ ಸೊಳ್ಳೆಯೋ ತಾಗಿದರೆ ಬಿಡಿಸಿಕೊಳ್ಳಲಾರದು. ಮೇಲೆ ಮತ್ತೊಂದು ಹರಿವು ಬಂದು ಅದನ್ನು ಪೂರ್ಣವಾಗಿ ಮುಚ್ಚುತ್ತದೆ. ಕಾಲಕ್ರಮದಲ್ಲಿ ರಾಳದಲ್ಲಿನ ಆವಿಯಾಗುವ ಅಂಶಗಳು ಹೊರಟುಹೋಗಿ, ಉಳಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮಣ್ಣಿನಡಿಯಲ್ಲಿ ಲಕ್ಷಾಂತರ ವರ್ಷ ಕಳೆದ ಮೇಲೆ ಅದು ಗಟ್ಟಿಯಾದ, ಹೊಳೆಯುವ ಮಣಿಯಾಗುತ್ತದೆ. ಜಂಗಮವಾಗಿದ್ದ ಜೀವಿಯೊಂದು ಹೀಗೆ ಸ್ಥಾವರವಾಗಿಬಿಡುತ್ತದೆ. ಪದರಗಲ್ಲು ರೆಕ್ಕೆಯನ್ನಷ್ಟೇ ಕೊಟ್ಟರೆ ತೃಣಮಣಿಯು ಕಾಲಿನ ಮುಳ್ಳು, ಕಣ್ಣಿನ ಹರಳು, ಮೈಮೇಲಿನ ರೋಮ ಇವೆಲ್ಲವನ್ನೂ ಮೂರು ಆಯಾಮಗಳಲ್ಲಿ ಕೊಡುತ್ತದೆ. ಕೊಡದಿರುವುದು ಒಂದೇ: ಜೀವಂತ ವಸ್ತುವಿನ ಅನುವಂಶಿಕ ಧಾತು. ೧೯೯೩ರ ಚಲನಚಿತ್ರವೊಂದು ಅದನ್ನು ಲೋಕಕ್ಕೆಲ್ಲ ನಂಬಿಸಿತು. ಆದರೆ ೨೦೧೩ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಇನ್ನೂ ಪೂರ್ತಿ ಮಣಿಯಾಗದ, ತೀರ ಎಳೆಯ ರಾಳದಲ್ಲಿದ್ದ ಕೀಟಗಳಲ್ಲಿ ಹುಡುಕಿದಾಗಲೂ ಡಿ.ಎನ್.ಎ. ದೊರೆಯಲಿಲ್ಲ.

ತೃಣಮಣಿಯಲ್ಲಿ ಇರುವೆ, ಸೊಳ್ಳೆ, ಜೀರುಂಡೆಗಳು ಹೇರಳ, ಸೂಜಿಕೀಟ ವಿರಳ. ಇದಕ್ಕೆ ಕಾರಣ ಸುಲಭವಾಗಿಯೇ ತಿಳಿಯುತ್ತದೆ. ಅದು ಮರದ ಕಾಂಡದ ಮೇಲೆ ಹರಿದಾಡುವ ಕೀಟವಲ್ಲ. ನೀರಿನ ಮೇಲೆ ಹಾರುವುದು, ಜೊಂಡಿನ ಮೇಲೆ ಕೂರುವುದು. ಸಿಕ್ಕಿಬಿದ್ದರೂ ಉದ್ದ ರೆಕ್ಕೆ, ಉದ್ದ ಒಡಲು ಎರಡೂ ಒಂದೇ ಹನಿಯಲ್ಲಿ ಮುಳುಗಬೇಕು. ಆದುದರಿಂದ ಸಿಕ್ಕಿದ ಒಂದೊಂದು ಮಾದರಿಗೂ ಅಸಾಧಾರಣ ಬೆಲೆಯುಂಟು. ಬೆಲೆ ಎಂಬ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಇವುಗಳಲ್ಲಿ ಅತ್ಯಂತ ಮುಖ್ಯವಾದವು ಮ್ಯಾನ್ಮಾರ್ ದೇಶದ, ಹಿಂದೆ ಬರ್ಮಾ ಎಂದು ನಾವು ಓದಿಕೊಂಡಿದ್ದ ನಾಡಿನ, ಕಚಿನ್ ಪ್ರಾಂತದ ಹುಕಾಂಗ್ ಕಣಿವೆಯಿಂದ ಬಂದವು. ಅಲ್ಲಿನ ಮಣಿಗಳು ಹುದುಗಿದ್ದ ಮಣ್ಣಿನಲ್ಲಿ ಜ್ವಾಲಾಮುಖಿಯ ಬೂದಿಯೂ ಸೇರಿದೆ. ಆ ಬೂದಿಯಲ್ಲಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಭಾಗ ಸೀಸವಾಗಿದೆಯೆಂದು ಅಳೆದು, ಅವುಗಳ ವಯಸ್ಸು ಸುಮಾರು ೯ ಕೋಟಿ ೯೦ ಲಕ್ಷ ವರ್ಷವೆಂದು ೨೦೧೨ರಲ್ಲಿ ನಿರ್ಣಯಿಸಿದರು. ಅದು ಡೈನೋಸಾರುಗಳು ಇನ್ನೂ ಮೆರೆಯುತ್ತಿದ್ದ ಕ್ರಿಟೇಷಿಯಸ್ ಕಾಲ. ೨೦೧೦ರಲ್ಲಿ ಪೊಯಿನಾರ್, ಬೆಖ್ಲಿ, ಬಕ್ಲಿ ಎಂಬ ಮೂವರು ಈ ಮಣಿಯೊಳಗಿನ ಮೊದಲ ಸೂಜಿಕೀಟವನ್ನು ವರ್ಣಿಸಿ ಪೇಲಿಯೋಡಿಸ್‌ಪರೊನ್ಯೂರ ಬರ್ಮಾನಿಕ ಎಂದು ಹೆಸರಿಟ್ಟರು. ಹೆಸರು ನಾಲಿಗೆಗೆ ತೊಡಕಾದುದು, ನಿಜ. ಆದರೆ ಅದನ್ನು ಬಿಡಿಸಿ ನೋಡಿದರೆ ನಮಗೆ ಸಂಬಂಧಪಟ್ಟ ಮಾತೊಂದು ಅದರಲ್ಲಿ ಅಡಗಿದೆ. ಪೇಲಿಯೋ ಎಂದರೆ ಪ್ರಾಚೀನ. ಡಿಸ್‌ಪರೊನ್ಯೂರ ಎಂಬುದು ಇಂದಿಗೂ ದಕ್ಷಿಣ ಭಾರತದ ಹೊಳೆಗಳ ಮೇಲೆ ಹಾರುತ್ತಿರುವ ಒಂದು ಸೂಜಿಕೀಟದ ಕುಲನಾಮ. ಅಂದರೆ, ಬರ್ಮಾದ ಮಣಿಯಲ್ಲಿ ಸಿಕ್ಕ ಪ್ರಾಚೀನ ಜೀವಿಗೆ ಹೆಸರಿಡುವಾಗ ವಿದ್ವಾಂಸರಿಗೆ ಹೋಲಿಕೆಗೆ ಒದಗಿದುದು ನಮ್ಮ ಕಡೆಯ ಹೊಳೆಯ ಕೀಟ. ಎರಡೂ ಪ್ಲಾಟಿಕ್ನೆಮಿಡಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು.

ಅದೇ ಕುಟುಂಬದ ಮತ್ತೊಂದು ಮಾದರಿಯನ್ನು ೨೦೧೭ರಲ್ಲಿ ಚೀನಾದ ಜೆಂಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಯಿಜೆನ್‌ಪ್ಲಾಟಿಕ್ನೆಮಿಸ್ ಹುವಾಂಗಿ ಎಂಬ ಈ ಗಂಡುಕೀಟದ ಕಣಕಾಲು ವಿಚಿತ್ರವಾದುದು: ಸಾಮಾನ್ಯವಾಗಿ ಕೂದಲೆಳೆಯಷ್ಟು ತೆಳುವಾಗಿರಬೇಕಾದ ಭಾಗವು ಅವರೆಕಾಯಿಯ ಸಿಪ್ಪೆಯಂತೆ ಅಗಲವಾಗಿ ಹರಡಿಕೊಂಡಿದೆ. ಹಾರಾಟಕ್ಕೆ ಇದರಿಂದ ಅಡ್ಡಿಯೇ ಹೊರತು ಪ್ರಯೋಜನವಿಲ್ಲ. ಹಾಗಾದರೆ ಅದು ಏಕೆ? ಉತ್ತರವು ಜೀವಂತ ಸಂಬಂಧಿಗಳಲ್ಲಿ ದೊರೆಯುತ್ತದೆ. ಯೂರೋಪಿನ ಪ್ಲಾಟಿಕ್ನೆಮಿಸ್ ಕುಲದ ಗಂಡುಗಳು ತಮ್ಮ ಅಗಲವಾದ ಬಿಳಿಯ ಕಾಲುಗಳನ್ನು ಜೋತಾಡಿಸುತ್ತ ಹೆಣ್ಣಿನ ಮುಂದೆ ಹಾರಾಡುತ್ತವೆ. ಎದುರಾಳಿ ಗಂಡುಗಳನ್ನು ಬೆದರಿಸುವುದಕ್ಕೂ ಅದೇ ಸಾಧನ. ನಮ್ಮಲ್ಲಿ ನೆರಳಿರುವ ಹಳ್ಳಗಳ ಬದಿಯಲ್ಲಿ ಕಾಣುವ ಕೊಪೆರ ಎಂಬ ಸೂಜಿಕೀಟದ ಗಂಡಿನ ಕಾಲುಗಳೂ ಎದ್ದುಕಾಣುವ ಹಳದಿ, ಕಣಕಾಲು ತುಸು ಅಗಲ. ಕಾವೇರಿಯಂತಹ ನದಿಗಳ ದಡದಲ್ಲಿರುವ, ಬೇರೊಂದು ಕುಟುಂಬದ ಲಿಬೆಲ್ಲಾಗೊ ಎಂಬುದರ ಗಂಡುಗಳು ಬಿಳಿಯ ಕಾಲುಗಳನ್ನು ಮುಂದೆ ಚಾಚಿ ಎದುರುಬದುರಾಗಿ ಗಾಳಿಯಲ್ಲಿ ನಿಂತು ಸೆಣಸುವುದನ್ನು ತಾಳ್ಮೆಯಿರುವವರು ನೋಡಬಹುದು. ಹೀಗೆ ಕಾಲು ತೋರಿಸಿ ಹೆಣ್ಣನ್ನು ಒಲಿಸುವ, ಎದುರಾಳಿಯನ್ನು ಓಡಿಸುವ ನಡವಳಿಕೆಯು ಹತ್ತು ಕೋಟಿ ವರ್ಷಗಳಷ್ಟು ಹಿಂದೆಯೇ ಇದ್ದಿರಬೇಕೆಂಬುದು ಆ ಮಣಿಯಿಂದ ತಿಳಿದ ವಿಷಯ. ಎಲುಬು, ಚಿಪ್ಪುಗಳು ಕಲ್ಲಾಗುವುದು ಸಾಮಾನ್ಯ. ನಡವಳಿಕೆಯೊಂದು ಕಲ್ಲಾಗಿ ಸಿಗುವುದು ಹೀಗೆ ಎಲ್ಲೋ ಒಮ್ಮೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಓದಿದುದರಲ್ಲೆಲ್ಲ ಅತ್ಯಂತ ವಿಸ್ಮಯಕರವಾದುದು ಈ ಒಂದು ಕಾಲು.

ಇದೇ ಗಣಿಗಳಿಂದ ಮೆಸೊಸ್ಟಿಕ್ಟ ಎಂಬ ಮೂರನೆಯ ಬಗೆಯೂ ದೊರೆತಿದೆ. ಅದರ ಕುಟುಂಬಕ್ಕೆ ಸೇರಿದ ಪ್ರೊಟೊಸ್ಟಿಕ್ಟ ಕುಲದ ಕೀಟಗಳು ಇಂದು ನಮ್ಮ ಪಶ್ಚಿಮ ಘಟ್ಟಗಳ ಕತ್ತಲೆಗವಿದ ತೊರೆಗಳಲ್ಲಿ ಬದುಕುತ್ತಿವೆ.

ಈಗ ಮೂಲದ ಪ್ರಶ್ನೆ. ಸೂಜಿಕೀಟದಿಂದ ಕೊಡತಿಕೀಟ ಹುಟ್ಟಿತೋ, ಕೊಡತಿಕೀಟದಿಂದ ಸೂಜಿಕೀಟವೋ ಎಂದು ಹಿಂದಿನ ತಲೆಮಾರಿನವರು ವಾದಿಸುತ್ತಿದ್ದರು. ೨೦೨೧ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ೧೦೫ ಜಾತಿಗಳ ೨,೯೮೦ ಜೀನುಗಳನ್ನು ಒಂದರೊಡನೊಂದು ಹೋಲಿಸಿ, ಪಳೆಯುಳಿಕೆಗಳ ವಯಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡು ಲೆಕ್ಕ ಹಾಕಿದರು. ಅದರಂತೆ ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಇವು ಒಂದೇ ತಾಯಿಯ ಎರಡು ಮಕ್ಕಳು. ಇಂದು ಬದುಕಿರುವ ಸೂಜಿಕೀಟಗಳೆಲ್ಲಕ್ಕೂ ಸಮಾನನಾದ ಪೂರ್ವಜನು ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಎಂದರೆ ಇಪ್ಪತ್ತು ಕೋಟಿ ವರ್ಷಗಳಿಗೂ ತುಸು ಹಿಂದೆ, ಇದ್ದನು. ಕೊಡತಿಕೀಟಗಳದೂ ಹೆಚ್ಚುಕಡಿಮೆ ಅದೇ ಕಾಲ. ಎರಡೂ ಕಡೆಯ ಲಕ್ಷಣಗಳನ್ನು ಕಲಸಿಟ್ಟಂತಿರುವ ಎಪಿಯೊಫ್ಲೆಬಿಯ ಎಂಬ ಮೂರನೆಯ ಮನೆತನವೊಂದುಂಟು: ಸೂಜಿಕೀಟದ ರೆಕ್ಕೆ, ಕೊಡತಿಕೀಟದ ಒಡಲು. ಅದರ ಒಂದು ಜಾತಿ ನಮ್ಮ ದೇಶದ ಡಾರ್ಜಿಲಿಂಗ್ ಕಡೆಯ ಹಿಮಾಲಯದ ತಣ್ಣನೆಯ ತೊರೆಗಳಲ್ಲಿ ಇಂದಿಗೂ ಬದುಕಿದೆ.

ಜೀನುಗಳು ಹೇಳುವ ಕಾಲವು ಲೆಕ್ಕದ ಕಾಲ. ಅದಕ್ಕೆ ಸಾಕ್ಷಿ ಬೇಕು. ಬರ್ಮಾದ ಮಣಿಗಳು ಆ ಸಾಕ್ಷಿಯನ್ನು ನುಡಿಯುತ್ತವೆ. ೯ ಕೋಟಿ ೯೦ ಲಕ್ಷ ವರ್ಷಗಳ ಹಿಂದೆಯೇ ಇಂದಿನ ಕುಟುಂಬಗಳು ಬೇರೆಬೇರೆಯಾಗಿ ಮನೆ ಮಾಡಿಯಾಗಿತ್ತೆಂದ ಮೇಲೆ ಮೂಲವು ಅದಕ್ಕಿಂತ ಬಹಳ ಹಿಂದೆ ಇರಲೇಬೇಕಷ್ಟೆ.

ಕಾಲ ಸರಿ, ಸ್ಥಳ? ಆ ಕೀಟವು ರಾಳದಲ್ಲಿ ಸಿಕ್ಕಿಕೊಂಡಾಗ ಭಾರತವು ಏಷ್ಯಾಕ್ಕೆ ಸೇರಿರಲಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಮಡಗಾಸ್ಕರಿಗೆ ಅಂಟಿಕೊಂಡಿತ್ತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಪ್ರವಾಸಿಗರು ನೋಡಿ ಬರುವ ಕಲ್ಲುಕಂಬಗಳು ಆ ಎರಡು ಭೂಭಾಗಗಳು ಬಿರಿದಾಗ ಉಕ್ಕಿದ ಲಾವಾರಸದಿಂದ ಆದವು. ಅವಕ್ಕೆ ವಯಸ್ಸು ಸುಮಾರು ೯ ಕೋಟಿ ವರ್ಷ. ಎಂದರೆ ಮಣಿಯೊಳಗಿನ ಸೂಜಿಕೀಟವು ಮಲ್ಪೆಯ ಕಂಬಗಳಿಗಿಂತ ಹಿರಿಯದು. ಬರ್ಮಾದ ನೆಲವಾದರೂ ಆಗ ಏಷ್ಯಾದ ಭಾಗವಾಗಿತ್ತೇ ಎಂದರೆ ಅದೂ ಇಲ್ಲ. ಶಿಲೆಗಳಲ್ಲಿ ಹುದುಗಿರುವ ಕಾಂತೀಯ ಗುರುತುಗಳನ್ನು ಓದಿ ೨೦೧೯ರಲ್ಲಿ ವಿಜ್ಞಾನಿಗಳು ತಿಳಿಸಿದ ಪ್ರಕಾರ, ಆ ನೆಲವು ಅಂದು ಭೂಮಧ್ಯರೇಖೆಯ ಬಳಿ ಸಮುದ್ರದ ನಡುವೆ ದ್ವೀಪವಾಗಿದ್ದು, ಮುಂದೆ ಭಾರತದ ಜೊತೆಜೊತೆಯಲ್ಲಿ ಉತ್ತರಕ್ಕೆ ಸಾಗಿತು. ಅದೇ ವರ್ಷ ಬರ್ಮಾದ ಒಂದು ಮಣಿಯಲ್ಲಿ ಸಮುದ್ರವಾಸಿಯಾದ ಅಮ್ಮೊನೈಟಿನ ಚಿಪ್ಪು ಸಿಕ್ಕಿತೆಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ, ಕಡಲಂಚಿನ ಕಾಡೊಂದರ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ.

ಹಾಗಾದರೆ ಪಶ್ಚಿಮ ಘಟ್ಟದ ಸೂಜಿಕೀಟಗಳು ಭಾರತವೆಂಬ ದೋಣಿಯನ್ನು ಏರಿ ಬಂದವೋ, ದೋಣಿಯು ದಡ ಮುಟ್ಟಿದ ಮೇಲೆ ಏಷ್ಯಾದ ಕಡೆಯಿಂದ ಹತ್ತಿದವೋ? ಇದಕ್ಕೆ ಒಂದೇ ಉತ್ತರವನ್ನು ಎಲ್ಲ ಕುಟುಂಬಗಳಿಗೂ ಹೊಂದಿಸುವುದು ಸಾಧ್ಯವಿಲ್ಲ. ಇಲ್ಲಿ ಧೂಪದ ಮರದ ಉದಾಹರಣೆ ಬೋಧಪ್ರದವಾದುದು. ಅದರ ಕುಟುಂಬವು ಆಫ್ರಿಕದಿಂದ ಭಾರತಕ್ಕೆ ಬಂದು, ಭಾರತದಿಂದ ಆಗ್ನೇಯ ಏಷ್ಯಾಕ್ಕೆ ಹರಡಿತೆಂಬುದನ್ನು ಪ್ರಾಚೀನ ಪರಾಗಗಳ ಆಧಾರದಿಂದ ೨೦೨೨ರಲ್ಲಿ ತೋರಿಸಿಕೊಟ್ಟರು. ಆದರೆ ಅದೇ ಕುಟುಂಬದ ಮರಗಳ ರಾಳದೊಳಗೆ ಸಿಕ್ಕಿದ ಕೀಟಗಳು ಬೇರೆ ಕಥೆಯನ್ನೇ ಹೇಳುತ್ತವೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಐದು ಕೋಟಿ ವರ್ಷಗಳಿಗೂ ಹಿಂದಿನ ತೃಣಮಣಿ ದೊರೆತಿದೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ಹುಕುಂ ಸಿಂಗ್, ಜರ್ಮನಿಯ ಯೆಸ್ ರುಸ್ಟ್, ಅಮೆರಿಕದ ಡೇವಿಡ್ ಗ್ರಿಮಾಲ್ಡಿ ಮೊದಲಾದವರು ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ ಅದರಲ್ಲಿ ೭೦೦ಕ್ಕೂ ಹೆಚ್ಚು ಕೀಟ ಹಾಗೂ ಜೇಡಗಳಿದ್ದುವು. ದ್ವೀಪವಾಗಿ ಬಹುಕಾಲ ಒಂಟಿಯಾಗಿದ್ದ ನೆಲದಲ್ಲಿ ಲೋಕಕ್ಕಿಲ್ಲದ ಜೀವಿಗಳೇ ಇರಬೇಕೆಂದು ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಅವುಗಳ ನಂಟಸ್ತಿಕೆಯು ಏಷ್ಯಾ, ಯೂರೋಪುಗಳ ಕೀಟಗಳೊಂದಿಗೂ ಇನ್ನೂ ದೂರದವುಗಳೊಂದಿಗೂ ಇತ್ತು. ಮರವು ಹೊರಕ್ಕೆ ಹೋಯಿತು, ಕೀಟಗಳು ಒಳಕ್ಕೂ ಬಂದವು. ಸಂತೆಯ ದಾರಿಯಲ್ಲಿ ಹೋಗುವವರೂ ಬರುವವರೂ ಇರುವಂತೆ ಇದು ಎರಡೂ ದಿಕ್ಕಿನ ಸಂಚಾರ. ಆ ಗುಜರಾತಿನ ಮಣಿಯು ಮೃದುವಾದುದರಿಂದ ಅದನ್ನು ದ್ರಾವಕದಲ್ಲಿ ಕರಗಿಸಿ ಕೀಟವನ್ನು ಇಡಿಯಾಗಿ ಹೊರತೆಗೆಯಲೂ ಬರುತ್ತದೆಂಬುದು ಒಂದು ವಿಶೇಷ.

ಇನ್ನು ಬೆಲೆಯ ಮಾತು. ಹುಕಾಂಗ್ ಕಣಿವೆಯು ಶಾಂತವಾದ ನಾಡಲ್ಲ. ಕಚಿನ್ ಜನರ ಸಶಸ್ತ್ರ ಪಡೆಗೂ ದೇಶದ ಸೈನ್ಯಕ್ಕೂ ದಶಕಗಳಿಂದ ಕಾದಾಟ ನಡೆದುಬಂದಿದೆ. ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾವಿಗಳಲ್ಲಿ ಇಳಿದು ಕೂಲಿಗಳು ಮಣಿಯನ್ನು ಅಗೆದು ತರುತ್ತಿದ್ದರು. ಅದರ ಸುಂಕ ಕಾದಾಡುವವರ ಕೈಸೇರುತ್ತಿತ್ತು. ೨೦೧೭ರ ಜೂನ್ ತಿಂಗಳಲ್ಲಿ ಸೈನ್ಯವು ಗಣಿಗಳ ಪ್ರದೇಶವನ್ನು ವಶಪಡಿಸಿಕೊಂಡಿತು. ಊರುಗಳ ಜನ ನೆಲೆ ತಪ್ಪಿ ಹೋದರು. ಕಾಲುಗಳು ಅವರೆಸಿಪ್ಪೆಯಂತಿರುವ ಆ ಕೀಟದ ವರ್ಣನೆ ಅಚ್ಚಾದುದು ಅದೇ ವರ್ಷ ಎಂಬುದನ್ನು ಮರೆಯುವಂತಿಲ್ಲ. ೨೦೨೦ರ ಏಪ್ರಿಲಿನಲ್ಲಿ ಕಶೇರುಕ ಪಳೆಯುಳಿಕೆಗಳ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವೊಂದು, ೨೦೧೭ರ ತರುವಾಯ ಮ್ಯಾನ್ಮಾರಿನಿಂದ ಹೊರಬಂದ ಮಣಿಗಳ ಮೇಲಿನ ಲೇಖನಗಳನ್ನು ಪ್ರಕಟಿಸಬಾರದೆಂದು ಪತ್ರಿಕೆಗಳನ್ನು ಕೋರಿತು. ಎಲ್ಲರೂ ಒಪ್ಪಲಿಲ್ಲ. ಕೊಳ್ಳದೆ ಬಿಟ್ಟರೆ ಮಾದರಿಗಳು ಒಡವೆಯಂಗಡಿಗೆ ಹೋಗಿ ನಾಶವಾಗುತ್ತವೆಂದು ಕೆಲವರು ವಾದಿಸಿದರು. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕದ್ದ ಮಾಲು ಹಾಳಾಗಬಾರದೆಂದು ಕೊಂಡವನ ಸಮಾಧಾನಕ್ಕೂ ಇದಕ್ಕೂ ಹೆಚ್ಚು ಅಂತರ ಕಾಣುವುದಿಲ್ಲ.

ಈ ಮಾತನ್ನು ಇಷ್ಟು ವಿಸ್ತರಿಸಲು ಕಾರಣವುಂಟು. ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಕೀಟವಿರುವ ತೃಣಮಣಿಯೊಂದನ್ನು ಕಾಣಿಕ್ಯಾಗಿ ತರಿಸಿಕೊಡುವ ಆಲೋಚನೆಯನ್ನು ಶ್ರೀಮಠದ ಹಿತೈಷಿಗಳಲ್ಲಿ ಕೆಲವರು ಆಗಾಗ ಆಡಿದ್ದುಂಟು. ಅವರ ವಿದ್ಯಾಪ್ರೇಮಕ್ಕೆ ನಮ್ಮ ಗೌರವವಿದೆ. ಆದರೆ ಆಯ್ದಕ್ಕಿ ಮಾರಯ್ಯನವರು ದಾಸೋಹಕ್ಕೆಂದೇ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಇದೇ ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುತ್ತೇವೆ. ತಂದ ಉದ್ದೇಶ ಒಳ್ಳೆಯದಾಗಿತ್ತು. ಆಕೆ ಕೇಳಿದುದು ತಂದ ಬಗೆಯನ್ನು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಣಿಯನ್ನು ನೋಡಿ ಅದು ಎಲ್ಲಿಂದ ಬಂತೆಂದು ವಿದ್ಯಾರ್ಥಿಯೊಬ್ಬ ಕೇಳಿದರೆ, ತಲೆ ತಗ್ಗಿಸದೆ ಉತ್ತರಿಸುವ ಸ್ಥಿತಿಯಲ್ಲಿ ಉಪಾಧ್ಯಾಯನು ಇರಬೇಕು.

ಇದಲ್ಲದೆ ಮಾರುವವರ ಸರಕೂ ನಂಬಿಕೆಗೆ ಅರ್ಹವಲ್ಲ. ಪ್ಲಾಸ್ಟಿಕ್ಕಿನಲ್ಲಿ ಈಚಿನ ಕೀಟವನ್ನು ಹುದುಗಿಸಿ ಮಾರುವುದು ಹಳೆಯ ಕುಶಲ. ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ನಿಜವಾದ ಮಣಿ ತೇಲುತ್ತದೆ, ಬೇಕಲೈಟಿನಂತಹವು ಮುಳುಗುತ್ತವೆ. ಎಳೆಯ ರಾಳವೂ ತೇಲುವುದರಿಂದ ಅದನ್ನು ಗುರುತಿಸಲು ಒಂದು ಹನಿ ಸ್ಪಿರಿಟ್ ಹಾಕಬೇಕು. ಎಳೆಯದಾದರೆ ಮೇಲ್ಮೈ ಅಂಟಾಗುತ್ತದೆ. ಮನೆಯಲ್ಲಿ ಅಜ್ಜಿಯ ಕಾಲದ ಜಪಸರವೇನಾದರೂ ಇದ್ದರೆ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಆದರೆ ಸ್ಪಿರಿಟ್ಟನ್ನು ಮಣಿಯ ತೂತಿನ ಬಳಿ, ಹೊರಗೆ ಕಾಣದಂತೆ ಹಾಕುವುದು ವಿವೇಕ.

ನಮಗೆ ಬೇಕಾಗಿರುವುದು ಬೇರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರಗಳು, ಬಿಳಿಯ ಪಿಂಗಾಣಿ ತಟ್ಟೆಗಳು, ಗಟ್ಟಿ ರಟ್ಟಿನ ನೋಟುಪುಸ್ತಕಗಳು, ಸಾಧ್ಯವಾದರೆ ಒಂದು ಸಾದಾ ಸೂಕ್ಷ್ಮದರ್ಶಕ. ಇಷ್ಟಿದ್ದರೆ ಎಂಟನೆಯ ತರಗತಿಯ ಮಕ್ಕಳನ್ನು ಕೆರೆಯಂಚಿಗೆ ಕರೆದೊಯ್ದು ಪಾಠ ಮಾಡಬಹುದು. ಸೈನ್ಯದ ವೈದ್ಯನಾಗಿದ್ದ ಎಫ್. ಸಿ. ಫ್ರೇಸರ್ ಎಂಬವರು ಬಿಡುವಿನ ವೇಳೆಯಲ್ಲಿ ಕೊಡಗು, ನೀಲಗಿರಿಗಳ ತೊರೆಗಳಲ್ಲಿ ತಿರುಗಿ ಈ ಕೀಟಗಳನ್ನು ಅಭ್ಯಾಸ ಮಾಡಿದವರು. ಕೊಡಗಿನ ತೊರೆಗಳ ಮೆಲನೊನ್ಯೂರ ಬೈಲಿನಿಯೇಟ ಎಂಬ ಸೂಜಿಕೀಟವನ್ನು ಅವರು ೧೯೨೨ರಲ್ಲಿ ವರ್ಣಿಸಿದರು. ಅದು ಮಣಿಯಲ್ಲಿ ಸಿಕ್ಕ ಪೇಲಿಯೋಡಿಸ್‌ಪರೊನ್ಯೂರದ ಕುಟುಂಬದ್ದೇ. ಭಾರತದ ಈ ಗುಂಪಿನ ಕೀಟಗಳ ಮೇಲಿನ ಅವರ ಮೂರು ಸಂಪುಟಗಳು ೧೯೩೩ರಿಂದ ೧೯೩೬ರವರೆಗೆ ಹೊರಬಂದು ಇಂದಿಗೂ ಆಧಾರಗ್ರಂಥಗಳಾಗಿವೆ. ದಕ್ಷಿಣ ಭಾರತದ ಜಾತಿಗಳನ್ನು ಚಿತ್ರಸಹಿತ ಗುರುತಿಸಲು ಕೆ. ಎ. ಸುಬ್ರಮಣಿಯನ್ ಅವರ ಕೈಪಿಡಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಮೂಲಕ ೨೦೦೫ರಲ್ಲಿ ಹೊರತರಲಾಯಿತು. ಅದು ಇಂಗ್ಲಿಷಿನಲ್ಲಿದ್ದರೂ ಪ್ರೌಢಶಾಲೆಯ ಉಪಾಧ್ಯಾಯರಿಗೆ ಕಷ್ಟವಾಗದು.

ಪಾಠಕ್ಕೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಡಿಸೆಂಬರ್. ವೇಳೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಬಿಸಿಲು ಏರಿ ಹುಲ್ಲಿನ ಇಬ್ಬನಿ ಆರಿದ ಮೇಲೆ. ಕೀಟವನ್ನು ಹಿಡಿದು ಸೂಜಿಯಿಂದ ಚುಚ್ಚಿಡುವ ಹಳೆಯ ಪದ್ಧತಿ ಬೇಡ. ಜೊಂಡಿನ ದಂಟುಗಳನ್ನು ನೀರಿನಿಂದ ಒಂದು ಗೇಣು ಮೇಲಕ್ಕೆ ಹುಡುಕುತ್ತ ಹೋದರೆ, ಮರಿಯು ರೆಕ್ಕೆ ಬಂದು ಹಾರಿಹೋದಾಗ ಕಳಚಿಟ್ಟ ಪೊರೆಗಳು ಸಿಗುತ್ತವೆ. ಅವು ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣದವು, ಬೆನ್ನು ಸೀಳಿರುತ್ತದೆ, ಬಾಲದ ಮೂರು ಕಿವಿರೆಲೆಗಳು ಹಲವು ವೇಳೆ ಹಾಗೆಯೇ ಉಳಿದಿರುತ್ತವೆ. ಅವನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಟ್ಟು, ಮುಚ್ಚಳದ ಮೇಲೆ ದಿನಾಂಕ, ಸ್ಥಳ, ನೀರಿನ ಸ್ಥಿತಿ ಇವನ್ನು ಬರೆಸಬೇಕು. ಒಂದೇ ತೂಬಿನ ಬಳಿ, ಒಂದೇ ತಿಂಗಳಲ್ಲಿ, ವರ್ಷವರ್ಷವೂ ಎಣಿಸಿದ ಪೊರೆಗಳ ಲೆಕ್ಕವಿದ್ದರೆ, ಗದ್ದೆಗೆ ಹೊಡೆದ ಔಷಧವೋ ನಾಲೆಗೆ ಬಳಿದ ಸಿಮೆಂಟೋ ಇವುಗಳ ಮೇಲೆ ಏನು ಮಾಡಿತೆಂಬುದು ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ನೀರಿನಲ್ಲಿ ಕಾಲಿಡುವ ಮಕ್ಕಳ ಜೊತೆ ಈಜು ಬಲ್ಲ ಹಿರಿಯರೊಬ್ಬರು ಇರತಕ್ಕದ್ದು. ತೂಬಿನ ಒಳಮಗ್ಗುಲಿಗೆ ಯಾರನ್ನೂ ಬಿಡತಕ್ಕದ್ದಲ್ಲ.